ಮುಕ್ಕಾಲು ಡಾಲರ್‌ನ ಜಾಡು

ಪ್ರಶ್ನೆ: ಸರ್ಕಾರಿ ಏಜೆಂಟರು ಹ್ಯಾಕರ್‌ನನ್ನು ಬೆನ್ನಟ್ಟುವ ಕಾದಂಬರಿ ಓದಿದೆ. ಹತ್ತೇ ನಿಮಿಷದಲ್ಲಿ ಅವನ ಮನೆ ಪತ್ತೆ! ನಿಜವಾಗಿಯೂ ಹೀಗಾಗುತ್ತಾ ಸರ್?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನನಗೆ ತುಂಬಾ ಇಷ್ಟವಾದ ನಿಜವಾದ ಬೇಟೆಯೊಂದನ್ನು ಹೇಳುತ್ತೇನೆ. 1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕಂಪ್ಯೂಟರ್ ಬಳಕೆಯ ಲೆಕ್ಕ 75 ಸೆಂಟ್‌ನಷ್ಟು ತಾಳೆಯಾಗಲಿಲ್ಲ. ಅದನ್ನು ನೋಡುವ ಕೆಲಸ ಕ್ಲಿಫರ್ಡ್ ಸ್ಟೋಲ್ ಪಾಲಿಗೆ ಬಂತು. ಅವರು ಪೊಲೀಸ್ ಅಲ್ಲ, ಖಗೋಳ ವಿಜ್ಞಾನಿ. ಬೇರೆ ಯಾರಾದರೂ ಸುಮ್ನೆ ಬಿಟ್ಟುಬಿಡುತ್ತಿದ್ದರು, ಅಲ್ವಾ? ಇವರು ಬಿಡಲಿಲ್ಲ. ಯಾರೋ ಕಳ್ಳ ಫೋನ್ ಲೈನಿನ ಮೂಲಕ ಕಂಪ್ಯೂಟರಿಗೆ ನುಗ್ಗುತ್ತಿದ್ದಾನೆ ಅಂತ ಗೊತ್ತಾಯಿತು. ಸಹೋದ್ಯೋಗಿಗಳ ಪ್ರಿಂಟರ್, ಟರ್ಮಿನಲ್‌ಗಳನ್ನು ಹೊತ್ತು ತಂದು ಆ ಫೋನ್ ಲೈನುಗಳಿಗೆ ಜೋಡಿಸಿದರು. ಕಳ್ಳ ಒತ್ತಿದ ಒಂದೊಂದು ಅಕ್ಷರವೂ ಕಾಗದದ ಮೇಲೆ ಮೂಡಿತು. ಅವನು ಹುಡುಕುತ್ತಿದ್ದದ್ದು ಸೇನೆಯ ಮಾಹಿತಿ!

ಎಫ್‌ಬಿಐ ಮೊದಲು ಕಿವಿಗೊಡಲೇ ಇಲ್ಲ. ನಷ್ಟ ಮುಕ್ಕಾಲು ಡಾಲರ್ ತಾನೇ!

ಜಾಡು ಪಶ್ಚಿಮ ಜರ್ಮನಿಯ ಹ್ಯಾನೋವರ್‌ಗೆ ಹೋಯಿತು. ಅಲ್ಲಿನ ಟೆಲಿಫೋನ್ ಎಕ್ಸ್‌ಚೇಂಜ್ ಹಳೆಯದು. ಕರೆ ಎಲ್ಲಿಂದ ಬಂತು ಅಂತ ಸಿಬ್ಬಂದಿ ಸ್ವಿಚ್‌ಗಳ ಹತ್ತಿರ ಹೋಗಿ ಕಣ್ಣಾರೆ ನೋಡಬೇಕು. ಅಷ್ಟು ಹೊತ್ತು ಕಳ್ಳ ಲೈನಿನಲ್ಲೇ ಇರಬೇಕಲ್ಲ? ಅದಕ್ಕೆ ಸ್ಟೋಲ್ ಕ್ಷಿಪಣಿ ರಕ್ಷಣಾ ಯೋಜನೆಯದ್ದು ಅನ್ನಿಸುವ ಸುಳ್ಳು ಕಡತಗಳನ್ನು ರಾಶಿ ಹಾಕಿದರು. ಅವನು ಓದುತ್ತಾ ಕೂತ. ಸಿಕ್ಕಿಬಿದ್ದ.

ಅವನೇ ಮಾರ್ಕಸ್ ಹೆಸ್. ಕದ್ದ ಮಾಹಿತಿ ಸೋವಿಯತ್ ಗೂಢಚಾರ ಸಂಸ್ಥೆ ಕೆಜಿಬಿಗೆ ಮಾರಾಟವಾಗುತ್ತಿತ್ತು. ಈ ಬೇಟೆ ಮುಗಿಯಲು ತಿಂಗಳುಗಟ್ಟಲೆ ಹಿಡಿಯಿತು. ಕಾದಂಬರಿಕಾರರು ಈ ಕಾಯುವಿಕೆಯನ್ನೇ ಬಿಟ್ಟುಬಿಡುತ್ತಾರೆ. ನನಗಂತೂ ಜಾಸ್ತಿ ಎದೆ ಹೊಡೆದುಕೊಂಡದ್ದು ಅಲ್ಲೇ. 1990ರಲ್ಲಿ ಹೆಸ್ ತಪ್ಪಿತಸ್ಥ ಎಂದು ತೀರ್ಪು ಬಂತು. ಆದರೆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟರು.