‘ಥೇಟ್ ಮಿದುಳಿನ ಹಾಗೆ’ ಎಂದು ಬರೆಯುವ ಮುನ್ನ

ನಮಸ್ಕಾರ,

ನಿಮ್ಮ ‘ಯಂತ್ರಕ್ಕೂ ಬಂತು ಮಿದುಳು’ ಲೇಖನ ತಲುಪಿದೆ, ಪೂರ್ತಿ ಓದಿದೆ. ನರವಿಜ್ಞಾನವೂ ಕೃತಕ ಬುದ್ಧಿಮತ್ತೆಯೂ ಈಚೆಗೆ ಒಂದಕ್ಕೊಂದು ಹೇಗೆ ಹತ್ತಿರವಾಗಿವೆ ಎಂಬುದು ನಿಮ್ಮ ವಿಷಯ. ಕನ್ನಡದಲ್ಲಿ ಬರಬೇಕಾದದ್ದೇ. ಆದರೆ ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ‘ಸ್ಥಳಾಭಾವದಿಂದ’ ಎಂದು ಒಂದು ಸಾಲು ಗೀಚಿ ಮುಗಿಸಬಹುದಿತ್ತು. ನೀವು ಓದಿಕೊಂಡೇ ಬರೆದಿದ್ದೀರಿ ಎಂಬುದು ಕಾಣುವುದರಿಂದ ಬಿಡಿಸಿ ಹೇಳುತ್ತಿದ್ದೇನೆ. ಬೇಸರವಾದರೆ ಆಗಲಿ.

ಮೊದಲ ಎರಡು ಪುಟ ತೆಗೆದುಹಾಕಿ. ಉಪನಿಷತ್ತಿನಿಂದ ಹೊರಟು, ಗ್ರೀಕರನ್ನು ಮಾತಾಡಿಸಿ, 1943ರಲ್ಲಿ ನರಕೋಶಕ್ಕೆ ಗಣಿತದ ಮಾದರಿ ಕೊಟ್ಟ ಮೆಕಲಕ್ ಮತ್ತು ಪಿಟ್ಸ್ ಬಳಿ ಬರುವಷ್ಟರಲ್ಲಿ ಓದುಗ ಪುಟ ಮಗುಚಿರುತ್ತಾನೆ. ‘ನಾವು ಬಳಸುವುದು ಮಿದುಳಿನ ಶೇ 10 ಭಾಗ ಮಾತ್ರ’ ಎಂಬುದು ಹಸಿ ಸುಳ್ಳು, ಅದೂ ಹೋಗಲಿ. ‘ನೂರು ಬಿಲಿಯನ್ ನರಕೋಶ’ ಹಳೆಯ ಅಂದಾಜು. ಬ್ರೆಜಿಲಿನ ಸುಜಾನಾ ಹರ್ಕ್ಯುಲಾನೊ-ಹೌಜೆಲ್ ತಂಡ 2009ರಲ್ಲಿ ಎಣಿಸಿ ಹೇಳಿದ್ದು ಸುಮಾರು 8,600 ಕೋಟಿ. ಕೋಟಿಯಲ್ಲೇ ಬರೆಯಿರಿ, ನಮ್ಮ ಓದುಗರನ್ನು ಸೊನ್ನೆ ಎಣಿಸಲು ಕೂರಿಸಬೇಡಿ.

ಇವೆಲ್ಲ ಕೆಂಪು ಪೆನ್ನಿನಲ್ಲಿ ಸರಿಹೋಗುವಂಥವು. ನನ್ನ ನಿಜವಾದ ತಕರಾರು ಆರನೇ ಪುಟದ್ದು. ‘ಅಮೆರಿಕದ ವಿಜ್ಞಾನಿಗಳು ಮನಸ್ಸನ್ನು ಓದುವ ಯಂತ್ರ ಕಂಡುಹಿಡಿದಿದ್ದಾರೆ. ಇನ್ನು ನಮ್ಮ ಗುಟ್ಟುಗಳು ಗುಟ್ಟಾಗಿ ಉಳಿಯವು’ ಎಂದು ಬರೆದಿದ್ದೀರಿ. ಯಾವ ವಿಜ್ಞಾನಿಗಳು? ಯಾರ ಮನಸ್ಸು? ಓದಿದ್ದು ಹೇಗೆ? ಒಂದಕ್ಕೂ ಉತ್ತರವಿಲ್ಲ.

ನೀವು ಹೇಳುತ್ತಿರುವುದು 2023ರಲ್ಲಿ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಿಂದ ಬಂದ ಅಧ್ಯಯನ ಎಂದುಕೊಂಡಿದ್ದೇನೆ. ಜೆರಿ ಟ್ಯಾಂಗ್, ಅಲೆಕ್ಸಾಂಡರ್ ಹತ್ ಮತ್ತು ಸಂಗಡಿಗರು ಮೂರು ಜನರನ್ನು ಎಂಆರ್‌ಐ ಸ್ಕ್ಯಾನರಿನಲ್ಲಿ ಮಲಗಿಸಿ, ತಲಾ 16 ಗಂಟೆ ಕತೆ ಕೇಳಿಸಿದರು; ಒಂದೇ ಸಲಕ್ಕಲ್ಲ, ಕಂತು ಕಂತಾಗಿ. ಯಾವ ಮಾತಿಗೆ ಮಿದುಳಿನ ಯಾವ ಭಾಗದಲ್ಲಿ ರಕ್ತದ ಹರಿವು ಹೇಗೆ ಏರಿಳಿಯುತ್ತದೆ ಎಂಬುದನ್ನು ಕಂಪ್ಯೂಟರ್ ಕಲಿತುಕೊಂಡಿತು. ಆಮೇಲೆ ಹೊಸ ಕತೆ. ಈ ಸಲ ಮುಂದಿನ ಪದವನ್ನು ಊಹಿಸುವ ಜಿಪಿಟಿ ಮಾದರಿಯೊಂದು ‘ಹೀಗಿರಬಹುದೇ, ಹಾಗಿರಬಹುದೇ’ ಎಂದು ಪದಗಳನ್ನು ಮುಂದಿಡುತ್ತ ಹೋಯಿತು; ಸ್ಕ್ಯಾನರಿನ ದಾಖಲೆಗೆ ಹೆಚ್ಚು ಹೊಂದಿದ ಸಾಲುಗಳು ಉಳಿದವು. ಕಿವಿಗೆ ಬಿದ್ದ ಮಾತು ‘ನನಗಿನ್ನೂ ಡ್ರೈವಿಂಗ್ ಲೈಸೆನ್ಸ್ ಇಲ್ಲ’ ಎಂದಿದ್ದರೆ, ಯಂತ್ರ ಹೇಳಿದ್ದು ‘ಅವಳು ಡ್ರೈವಿಂಗ್ ಕಲಿಯೋಕೆ ಶುರುವೇ ಮಾಡಿಲ್ಲ’ ಎಂದು. ‘ನಾನು’ ಹೋಗಿ ‘ಅವಳು’ ಬಂತು, ಲೈಸೆನ್ಸ್ ಎಲ್ಲೋ ಕಳೆದುಹೋಯಿತು, ಆದರೂ ಮಾತಿನ ತಿರುಳು ಸಿಕ್ಕಿತು!

ಇನ್ನೊಂದು ಸಂಗತಿ ನಿಮ್ಮ ‘ಗುಟ್ಟು’ ಸಾಲನ್ನೇ ಉರುಳಿಸುತ್ತದೆ. ಒಬ್ಬರ ಮಿದುಳಿನಲ್ಲಿ ಕಲಿತದ್ದು ಇನ್ನೊಬ್ಬರ ಮೇಲೆ ನಡೆಯಲಿಲ್ಲ. ಅದೇ ವ್ಯಕ್ತಿ ಕತೆ ಕೇಳುತ್ತಲೇ ಮನಸ್ಸಿನಲ್ಲಿ ಪ್ರಾಣಿಗಳ ಹೆಸರು ನೆನೆಯುತ್ತ ಕೂತರೂ ಯಂತ್ರ ತಡವರಿಸಿತು. ಇದನ್ನು ಪರೀಕ್ಷಿಸಿ ನೋಡಿದವರು ಬೇರೆ ಯಾರೋ ಅಲ್ಲ, ಆ ಸಂಶೋಧಕರೇ. ಇಷ್ಟು ಸರಕು ಕೈಯಲ್ಲಿರುವಾಗ ನಿಮಗೆ ಭಯ ಹುಟ್ಟಿಸುವ ಸಾಲು ಯಾಕೆ ಬೇಕಾಯಿತು?

ಮುಂದಿನ ಪುಟದಲ್ಲಿ ‘ಇಂದಿನ ಎಐ ಥೇಟ್ ಮನುಷ್ಯನ ಹಾಗೆ ನೋಡುತ್ತದೆ’ ಎನ್ನುತ್ತೀರಿ. ಅದಕ್ಕೆ ಮುನ್ನ ಬರುವ ಬೆಕ್ಕಿನ ಪ್ಯಾರಾ ಇಡೀ ಲೇಖನದಲ್ಲೇ ಚೆನ್ನಾಗಿದೆ: ನರವಿಜ್ಞಾನಿಗಳಾದ ಹ್ಯೂಬೆಲ್ ಮತ್ತು ವೀಸೆಲ್ ಬೆಕ್ಕಿನ ಕಣ್ಣಿಗೆ ಚುಕ್ಕೆಗಳನ್ನು ತೋರಿಸಿ ತೋರಿಸಿ ಸೋತಿದ್ದು, ಗಾಜಿನ ಸ್ಲೈಡಿನ ಅಂಚಿನ ನೆರಳು ಹಾದಾಗ ನರಕೋಶದ ಮಿಡಿತ ಸ್ಪೀಕರಿನಲ್ಲಿ ಪಟಪಟನೆ ಕೇಳಿದ್ದು. ಒಂದು ಅಕ್ಷರ ಮುಟ್ಟಬೇಡಿ. ಅಲ್ಲಿಂದ ಜಪಾನಿನ ಫುಕುಶಿಮಾ 1980ರಲ್ಲಿ ರೂಪಿಸಿದ ಕೃತಕ ನರಕೋಶಗಳ ಜಾಲಕ್ಕೆ, ಅಲ್ಲಿಂದ ಇವತ್ತಿನ ಚಿತ್ರ ಗುರುತಿಸುವ ಯಂತ್ರಗಳಿಗೆ ನೀವು ಎಳೆದ ವಂಶಾವಳಿಯೂ ಸರಿ. ಆದರೆ ಮೊಮ್ಮಗನಿಗೆ ಅಜ್ಜನ ಮೂಗು ಬಂದಿದೆ ಅಂದಮಾತ್ರಕ್ಕೆ ಅಜ್ಜನ ಕಣ್ಣೂ ಬಂದಿರಬೇಕೆಂದಿಲ್ಲ.

ಹಾಗೆ ಬಂದಿದೆಯೇ ಎಂದು ಪರೀಕ್ಷೆ ಮಾಡಿದವರು ನಮ್ಮ ಬೆಂಗಳೂರಿನಲ್ಲೇ ಇದ್ದಾರೆ. ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ, ಎಸ್.ಪಿ. ಅರುಣ್ ಅವರ ತಂಡ 2021ರಲ್ಲಿ ಈ ಕುರಿತು ಪ್ರಬಂಧ ಪ್ರಕಟಿಸಿತು. ನೀವದನ್ನು ಹೆಸರಿಸಿಯೂ ಇಲ್ಲ. ಮನುಷ್ಯನ ನೋಟದ ಚಾಳಿಗಳು ಯಂತ್ರಕ್ಕೂ ಇವೆಯೇ ಎಂದು ಅವರು ಒಂದೊಂದಾಗಿ ನೋಡಿದರು. ಒಂದು ಮುಖದ ಚಿತ್ರದಲ್ಲಿ ಕಣ್ಣು, ಬಾಯಿ ಮಾತ್ರ ಕತ್ತರಿಸಿ ತಲೆಕೆಳಗಾಗಿ ಅಂಟಿಸಿ. ನೆಟ್ಟಗೆ ಹಿಡಿದರೆ ರಾಕ್ಷಸನ ಮುಖ. ಇಡೀ ಚಿತ್ರವನ್ನು ತಲೆಕೆಳಗು ಮಾಡಿದರೆ ಏನೂ ವಿಕಾರ ಕಾಣುವುದಿಲ್ಲ. 1980ರಲ್ಲಿ ಬ್ರಿಟನ್ನಿನ ಆಗಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಚಿತ್ರದಿಂದ ತೋರಿಸಿದ್ದರಿಂದ ಇದಕ್ಕೆ ಅವರದೇ ಹೆಸರು. ವಸ್ತು ಗುರುತಿಸಲು ತರಬೇತಿ ಪಡೆದ ಜಾಲಗಳಲ್ಲಿ ಈ ಚಾಳಿ ಕಾಣಿಸಿತು. ಹಾಗಾದರೆ ನಿಮ್ಮ ಮಾತು ಸರಿ ಅನ್ನುತ್ತೀರಾ? ತಡೆಯಿರಿ. ಸಣ್ಣ ಸಣ್ಣ ಚೌಕಗಳನ್ನು ಜೋಡಿಸಿ ಒಂದು ದೊಡ್ಡ ವೃತ್ತ ಮಾಡಿದರೆ ನಮಗೆ ಮೊದಲು ಕಾಣುವುದು ವೃತ್ತ. ತರಬೇತಿ ಪಡೆದ ಜಾಲದಲ್ಲಿ ಹೀಗೆ ಇಡಿಯನ್ನು ಮೊದಲು ಹಿಡಿಯುವ ಗುಣ ಇರಲಿಲ್ಲ. ಏನನ್ನೂ ಕಲಿಯದ, ಅಂಕಿಗಳನ್ನು ಸುಮ್ಮನೆ ಚೆಲ್ಲಿದಂತಿದ್ದ ಜಾಲದಲ್ಲಿ ಇತ್ತು! ಕಲಿತ ಮೇಲೆ ಹೋಯಿತು. ಒಂದರ ಹಿಂದೆ ಅರ್ಧ ಮರೆಯಾದ ವಸ್ತುವನ್ನು, ಗೆರೆಚಿತ್ರದ ಪೆಟ್ಟಿಗೆಯ ಆಳವನ್ನು ನಾವು ಕಾಣುವ ರೀತಿಯೂ ಅದಕ್ಕೆ ಬಂದಿರಲಿಲ್ಲ.

ನಾನಾಗಿದ್ದರೆ ಲೇಖನವನ್ನು ಇಲ್ಲಿಂದಲೇ ಶುರುಮಾಡುತ್ತಿದ್ದೆ.

ಮಿದುಳಿನ ರಾಸಾಯನಿಕ ಡೋಪಮೈನ್ ಬಗ್ಗೆ ಎರಡು ಮಾತು. ‘ಸಂತೋಷದ ರಾಸಾಯನಿಕ’ ಎಂದು ಒಂದು ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ನರವಿಜ್ಞಾನಿ ವುಲ್ಫ್ರಾಮ್ ಶುಲ್ಜ್ ಅವರ ಮಂಗಗಳಲ್ಲಿ ಡೋಪಮೈನ್ ಸೂಸುವ ನರಕೋಶಗಳು, ಸೂಚನೆಯ ಅಭ್ಯಾಸವಾದ ಮೇಲೆ, ಹಣ್ಣಿನ ರಸ ಸಿಕ್ಕಾಗಲ್ಲ, ರಸ ಬರುತ್ತದೆಂಬ ಸೂಚನೆ ಕಂಡಾಗ ಮಿಡಿದವು. ಸೂಚನೆ ಬಂದೂ ರಸ ಬಾರದಿದ್ದರೆ ಸರಿಯಾಗಿ ಆ ಗಳಿಗೆಯಲ್ಲೇ ಮಂಕಾದವು. ನಿರೀಕ್ಷೆಗೂ ಸಿಕ್ಕಿದ್ದಕ್ಕೂ ನಡುವಿನ ಈ ವ್ಯತ್ಯಾಸದ ಲೆಕ್ಕ ಯಂತ್ರಕಲಿಕೆಯವರ ಬಳಿ ಆಗಲೇ ಇತ್ತು. 1997ರಲ್ಲಿ ಶುಲ್ಜ್, ದಯಾನ್, ಮಾಂಟೆಗ್ಯೂ ಎರಡನ್ನೂ ಜೋಡಿಸಿದರು. 2020ರಲ್ಲಿ ಗೂಗಲ್‌ನ ಎಐ ಸಂಸ್ಥೆ ಡೀಪ್‌ಮೈಂಡ್ ಮತ್ತು ಹಾರ್ವರ್ಡ್ ತಂಡ ಮುಂದಿನ ಹೆಜ್ಜೆಯನ್ನೂ ಹೀಗೇ ಇಟ್ಟಿತು: ಕಂಪ್ಯೂಟರ್ ಆಟಗಳಲ್ಲಿ ಫಲಿಸಿದ ಹೊಸ ಲೆಕ್ಕವನ್ನು ಕೈಯಲ್ಲಿ ಹಿಡಿದು ಇಲಿಯ ಮಿದುಳಿನಲ್ಲಿ ಹುಡುಕಿದರು, ಕೆಲವು ಕೋಶ ಹೆಚ್ಚು ಫಲ ಎದುರುನೋಡುವ ಆಶಾವಾದಿ, ಕೆಲವು ಕಡಿಮೆ ಎದುರುನೋಡುವ ನಿರಾಶಾವಾದಿ ಎಂದು ಕಂಡಿತು. ಮಿದುಳಿನಿಂದ ಯಂತ್ರಕ್ಕೆ ಎಂದು ನೀವು ಉದ್ದಕ್ಕೂ ಹೇಳಿದ ದಾರಿ ಇಲ್ಲಿ ತಿರುವುಮುರುವಾಗಿದೆ. ಇದನ್ನು ಈ ಲೇಖನಕ್ಕೆ ತುರುಕಬೇಡಿ, ಬೇರೆಯದೇ ಬರೆಯಿರಿ.

ಸದ್ಯಕ್ಕೆ ಬೆಕ್ಕು, ಬೆಂಗಳೂರು, ಟೆಕ್ಸಸ್, ಈ ಮೂರು ಸಾಕು. 1,200 ಪದ ಮೀರದಿರಲಿ. ‘ಕ್ರಾಂತಿ’ ಏಳು ಕಡೆ ಬಂದಿದೆ, ಒಂದೂ ಬೇಡ. ಟಾಟಾ ಇನ್‌ಸ್ಟಿಟ್ಯೂಟಿನ ಪ್ರಬಂಧ ಯಾರು ಬೇಕಾದರೂ ಉಚಿತವಾಗಿ ಓದಬಹುದಾದದ್ದು. ಸುದ್ದಿಗಳನ್ನು ನೆಚ್ಚದೆ ಅದನ್ನೇ ಓದಿ, ಅರ್ಥವಾಗದ ಕಡೆ ಸಂಶೋಧಕರಿಗೇ ಪತ್ರ ಬರೆದು ಕೇಳಿ. ಚೌಕಗಳ ವೃತ್ತವನ್ನು ಪೆನ್ಸಿಲಿನಲ್ಲಿ ನೀವೇ ಬಿಡಿಸಿ ಜೊತೆಗೆ ಕಳಿಸಿ, ನಮ್ಮ ಕಲಾವಿದರು ತಿದ್ದಿಕೊಳ್ಳುತ್ತಾರೆ.

ಇತಿ,
ಸಂಪಾದಕ