2147483647: ಭಾಗಿಸಿ ಭಾಗಿಸಿ ಸುಸ್ತಾದವರಿಗೆ

ಪ್ರಶ್ನೆ: 2147483647 ಅವಿಭಾಜ್ಯ ಸಂಖ್ಯೆ ಅಂತ ನಮ್ಮ ಸರ್ ಹೇಳಿದರು. ಕ್ಯಾಲ್ಕುಲೇಟರ್ ಹಿಡಿದು 3, 7, 11 ಅಂತ ಐವತ್ತರವರೆಗೂ ಭಾಗಿಸಿದೆ, ಯಾವುದರಿಂದಲೂ ಹೋಗಲಿಲ್ಲ. ಇಷ್ಟು ಸಾಕಾ? ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಹೇಗೆ ಕಂಡುಹಿಡಿದರು? ಇದರಿಂದ ಏನಾದ್ರೂ ಉಪಯೋಗ ಇದೆಯಾ?
– ಪಿಯುಸಿ ವಿದ್ಯಾರ್ಥಿನಿ, ಗದಗ

ಉತ್ತರ: ಸಾಕಾಗಲ್ಲ ತಂಗಿ. ಬ್ಯಾಡಗಿ ಪೇಟೆಯಲ್ಲಿ ಒಂದು ಹಿಡಿ ಮೆಣಸಿನಕಾಯಿ ನೋಡಿ ಇಡೀ ಚೀಲದ ದರ ಹೇಳಿಬಿಡಬಹುದು. ಇಲ್ಲಿ ಅದು ನಡೆಯಲ್ಲ. ಹಾಗಂತ 214 ಕೋಟಿವರೆಗೂ ಹೋಗಬೇಕಾಗಿಲ್ಲ. ಸಂಖ್ಯೆ ಒಡೆಯುವುದೇ ಆದರೆ ಚಿಕ್ಕ ಅಪವರ್ತನ ಅದರ ವರ್ಗಮೂಲ ದಾಟುವುದಿಲ್ಲ. ಇದರ ವರ್ಗಮೂಲ 46,340ಕ್ಕಿಂತ ತುಸು ಜಾಸ್ತಿ. ಅಷ್ಟರೊಳಗಿನ ಅವಿಭಾಜ್ಯಗಳಿಂದ ಮಾತ್ರ ಭಾಗಿಸಿದರೂ ನಾಲ್ಕು ಸಾವಿರಕ್ಕೂ ಹೆಚ್ಚು ಲೆಕ್ಕ ಆಗುತ್ತವೆ.

1772ರಲ್ಲಿ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಈ ಕೆಲಸವನ್ನು ತುಂಬಾ ಕಡಿಮೆ ಮಾಡಿದರು. ಆ ಹೊತ್ತಿಗೆ ಅವರಿಗೆ ಕಣ್ಣೂ ಸರಿಯಾಗಿ ಕಾಣುತ್ತಿರಲಿಲ್ಲ! 31 ಎರಡುಗಳನ್ನು ಒಂದಕ್ಕೊಂದು ಗುಣಿಸಿ 1 ಕಳೆದರೆ ನಿನ್ನ ಸಂಖ್ಯೆ ಬರುತ್ತದೆ. ಅಂಥದ್ದನ್ನು ಒಂದು ಅವಿಭಾಜ್ಯ ಭಾಗಿಸಬೇಕಾದರೆ, ಆ ಅವಿಭಾಜ್ಯಕ್ಕಿಂತ 1 ಕಡಿಮೆ ಇರುವ ಸಂಖ್ಯೆ 31ರಿಂದ ಭಾಗವಾಗಲೇಬೇಕು. ಇದು ಗಣಿತಜ್ಞ ಫರ್ಮಾನ ‘ಪುಟ್ಟ ಪ್ರಮೇಯ’ ಎಂಬ ನಿಯಮದಿಂದ ಬರುತ್ತದೆ. ಜೊತೆಗೆ, 8ರಿಂದ ಭಾಗಿಸಿದಾಗ ಆ ಅವಿಭಾಜ್ಯದ ಶೇಷ 1 ಅಥವಾ 7 ಇರಬೇಕು. ಎರಡೂ ನಿಯಮಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, 248ರಿಂದ (31 ಗುಣಿಸು 8) ಭಾಗಿಸಿದಾಗ ಶೇಷ 1 ಅಥವಾ 63 ಬರುವವು ಮಾತ್ರ ಉಳಿಯುತ್ತವೆ. ನೀನು ನೋಡಿದ 3, 7, 11 ಇವು ಲೆಕ್ಕಕ್ಕೇ ಇಲ್ಲ!

ಈಗ ಪಟ್ಟಿ ಮಾಡು: 63, 249, 311... ಮೊದಲೆರಡು ತಾವೇ ಒಡೆಯುತ್ತವೆ, ಬಿಡು. 311ರಿಂದ ಭಾಗಿಸಿದರೆ ಭಾಗಲಬ್ಧ 6905092, ಶೇಷ 35. ಹೋಗಲಿಲ್ಲ, ಅಲ್ವಾ? ಹೀಗೇ ಮುಂದುವರಿದರೆ ಒಟ್ಟು ನಾನೂರಕ್ಕೂ ಕಡಿಮೆ ಭಾಗಾಕಾರ. ಎಲ್ಲದರಲ್ಲೂ ಶೇಷ ಉಳಿಯುತ್ತದೆ. ಉಪಾಯದ ಮೇಲೆ ಅನುಮಾನ ಇದ್ದರೆ 2047ರ ಮೇಲೆ ಪ್ರಯೋಗ ಮಾಡು. ಅದು 11 ಎರಡುಗಳನ್ನು ಗುಣಿಸಿ 1 ಕಳೆದದ್ದು. ಅಲ್ಲಿ ಅವಿಭಾಜ್ಯದಿಂದ 1 ಕಳೆದರೆ 11ರಿಂದ ಭಾಗವಾಗಬೇಕು, ಅವಿಭಾಜ್ಯ ಬೆಸವೂ ಆಗಿರಬೇಕು; ಅಂದರೆ 22ರಿಂದ ಭಾಗಿಸಿದಾಗ ಶೇಷ 1 ಬರುವ ಅವಿಭಾಜ್ಯ ಬೇಕು. ಮೊದಲನೆಯದೇ 23. ಅದರಲ್ಲೇ ಕೆಲಸ ಮುಗಿಯಿತು: 23 ಗುಣಿಸು 89.

ಉಪಯೋಗದ ಮಾತು. ಕಂಪ್ಯೂಟರಿನ 32 ಬಿಟ್ ಜಾಗದಲ್ಲಿ (0 ಅಥವಾ 1 ಹಿಡಿಯುವ 32 ಮನೆಗಳಲ್ಲಿ) ಪ್ಲಸ್, ಮೈನಸ್ ಎರಡೂ ಹಿಡಿಯಬೇಕಾದರೆ ಇದೇ ಅತಿ ದೊಡ್ಡ ಸಂಖ್ಯೆ. ಇದನ್ನು ಬಹಳ ಜನ ದೊಡ್ಡದಾಗಿ ಹೇಳುತ್ತಾರೆ, ಆದರೆ ಅಲ್ಲಿ ಅವಿಭಾಜ್ಯತೆಗೆ ಏನೂ ಕೆಲಸವಿಲ್ಲ. ನಿಜವಾದ ಕೆಲಸ ಇರುವುದು ರ‍್ಯಾಂಡಮ್ ಸಂಖ್ಯೆ, ಅಂದರೆ ಕ್ರಮವಿಲ್ಲದೆ ಬಂದಂತೆ ಕಾಣುವ ಸಂಖ್ಯೆ, ಹುಟ್ಟಿಸುವಲ್ಲಿ. 1ರಿಂದ ಶುರು ಮಾಡಿ 16807ರಿಂದ ಗುಣಿಸು, ನಿನ್ನ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೋ, ಅದನ್ನೇ ಮತ್ತೆ ಗುಣಿಸು. 16807, 282475249, 1622650073 ಹೀಗೆ ಬರುತ್ತವೆ. 1ರಿಂದ 2147483646ರವರೆಗಿನ ಪ್ರತಿಯೊಂದೂ ಒಂದೊಂದೇ ಸಲ ಬಂದ ಮೇಲೇ ಮತ್ತೆ 1 ಬರುತ್ತದೆ. ಭಾಜಕ ಅವಿಭಾಜ್ಯ ಅಲ್ಲದಿದ್ದರೆ ಹೀಗೆ ಒಂದನ್ನೂ ಬಿಡದೆ ಸುತ್ತು ಹೊಡೆಯಲು ಆಗುತ್ತಲೇ ಇರಲಿಲ್ಲ. ಪಾಸ್‌ವರ್ಡ್ ಮಾಡಲು ಮಾತ್ರ ಇದನ್ನು ಬಳಸಬೇಡ. ಒಂದು ಗೊತ್ತಾದರೆ ಮುಂದಿನದನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು.