ಬಂಡೆಯ ಮೇಲೆ ಅರ್ಚಿನ್ ಬದುಕಿದ್ದರೆ ನೀರು ಶುದ್ಧವೇ?

ಗೋವಾದ ಅಂಜುನಾ ಕಡಲತೀರದ ಬಂಡೆಗಳ ಸಂದಿಯಲ್ಲಿ ಮುಳ್ಳುಮುಳ್ಳಾದ ಸಮುದ್ರ ಅರ್ಚಿನ್‌ಗಳನ್ನು ಕಂಡಿರಿ. ಅವು ಬದುಕಿರುವುದರಿಂದ ಗಣಿ ಮತ್ತು ಬಂದರುಗಳ ಲೋಹ ಗೋವಾದ ಕಡಲಿಗೆ ಹಾನಿ ಮಾಡಿಲ್ಲ ಎನ್ನಬಹುದೇ, ಇಲ್ಲಿನ ಚಿಪ್ಪುಜೀವಿಗಳನ್ನು ತಿನ್ನಬಹುದೇ ಎಂದು ಕೇಳಿದ್ದೀರಿ. ನಾನು ವಾಸ್ಕೋದಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ, ಊರು ಧಾರವಾಡ. ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ: ಹಾಗೆ ಹೇಳಲಾಗದು. ಬೆಳೆದ ಅರ್ಚಿನ್ ಸಹಿಸಿಕೊಳ್ಳುವ ನೀರಿನಲ್ಲಿ ಅದರ ಭ್ರೂಣ ರೂಪುಗೊಳ್ಳದೇ ಹೋಗಬಹುದು.

ಅರ್ಚಿನ್‌ಗಳು ಅಂಡ ಮತ್ತು ವೀರ್ಯವನ್ನು ನೇರವಾಗಿ ನೀರಿಗೇ ಬಿಡುತ್ತವೆ. ಗರ್ಭವಿಲ್ಲ, ಗಟ್ಟಿ ಕವಚವಿಲ್ಲ, ಕಾಯುವ ತಾಯಿಯಿಲ್ಲ. ಫಲಿತ ಅಂಡ ಒಡೆದು ಒಡೆದು ಟೊಳ್ಳು ಗೋಳವಾಗುತ್ತದೆ. ಆ ಗೋಳದೊಳಕ್ಕೆ ಇಳಿದ ಕೆಲವು ಜೀವಕೋಶಗಳು ಸುಣ್ಣದ ಸಣ್ಣ ಕಡ್ಡಿಗಳನ್ನು ಕಟ್ಟತೊಡಗುತ್ತವೆ. ಎರಡು ಮೂರು ದಿನಗಳಲ್ಲಿ ಪ್ಲೂಟಿಯಸ್ ಎಂಬ ಲಾರ್ವಾ, ಅಂದರೆ ಈಜುವ ಮರಿ, ಸಿದ್ಧ. ಅದರ ತೋಳುಗಳನ್ನು ಎತ್ತಿ ಹಿಡಿಯುವುದು ಆ ಕಡ್ಡಿಗಳೇ, ಆಹಾರವನ್ನು ಬಾಯಿಗೆ ತಳ್ಳುವ ಸೂಕ್ಷ್ಮ ರೋಮಗಳ ಸಾಲು ಇರುವುದು ಆ ತೋಳುಗಳ ಮೇಲೆ. ಕಡ್ಡಿ ಮೂಡದಿದ್ದರೆ ತೋಳಿಲ್ಲ, ತೋಳಿಲ್ಲದಿದ್ದರೆ ಊಟವಿಲ್ಲ.

ಲೋಹಗಳು ಏಟು ಕೊಡುವುದು ಈ ಸರಪಳಿಗೆ, ಅದೂ ಒಂದೊಂದು ಒಂದೊಂದು ಕಡೆ. ನಿಕ್ಕಲ್ ಭ್ರೂಣದ ಮುಂದು ಹಿಂದುಗಳ ಗುರುತನ್ನೇ ಅಳಿಸುತ್ತದೆ. ಕಡ್ಡಿಗಳು ಎರಡು ಬದಿಗೆ ಅಚ್ಚುಕಟ್ಟಾಗಿ ಮೂಡುವ ಬದಲು ಸುತ್ತಲೂ ಅಲ್ಲಲ್ಲಿ ಹುಟ್ಟುತ್ತವೆ. ಮ್ಯಾಂಗನೀಸ್ ಹೆಚ್ಚಾದರೆ ಕ್ಯಾಲ್ಸಿಯಂ ಹೀರುವಿಕೆಗೆ ತೊಡಕಾಗಿ, ಸುಣ್ಣದ ಕಡ್ಡಿಗಳೇ ಇಲ್ಲದ ಲಾರ್ವಾ ಬೆಳೆಯುತ್ತದೆ. ಕ್ಯಾಡ್ಮಿಯಂ ಬೆಳವಣಿಗೆಯನ್ನು ತಡೆದು ನಿಧಾನಗೊಳಿಸುತ್ತದೆ. ಇಂಥ ಲಾರ್ವಾಗಳು ಕೂಡಲೇ ಸಾಯುವುದಿಲ್ಲ, ಕೆಲವು ಈಜುತ್ತಲೂ ಇರುತ್ತವೆ. ಸೂಕ್ಷ್ಮದರ್ಶಕದಲ್ಲಿ ಅವನ್ನು ನೋಡುವಾಗ ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ. ಅವು ಮುಂದೆ ಬಂಡೆಗೆ ಮರಳುವ ಅರ್ಚಿನ್‌ಗಳಾಗುವುದಿಲ್ಲ. ಅರ್ಚಿನ್ ಹಲವು ವರ್ಷ ಬದುಕುವ ಪ್ರಾಣಿಯಾದ್ದರಿಂದ ಹೊಸ ಪೀಳಿಗೆ ನಿಂತುಹೋದದ್ದು ಬಂಡೆಯ ಮೇಲೆ ಬೇಗ ಕಾಣುವುದಿಲ್ಲ.

ಇನ್ನು ಕಬ್ಬಿಣದ ಗಣಿಯ ವಿಚಾರ. ನಮ್ಮ ಖಾನಾಪುರದ ಕಾಡಿನಿಂದ ಇಳಿದು ಬರುವ ಮಹದಾಯಿ, ಅಂದರೆ ಇಲ್ಲಿನ ಮಾಂಡವಿ, ಮಳೆಗಾಲದಲ್ಲಿ ಕೆಂಪಾಗಿ ಹರಿಯುವಾಗ ಎಲ್ಲರೂ ಬೆಚ್ಚುತ್ತಾರೆ. ಕಬ್ಬಿಣ ಸಮುದ್ರದ ನೀರಿನಲ್ಲಿ ಹೆಚ್ಚು ಕರಗಿ ಉಳಿಯುವುದಿಲ್ಲ, ತುಕ್ಕಿನ ಕಣಗಳಾಗಿ ಕೆಳಗೆ ಕೂರುತ್ತದೆ. ಆ ಹೂಳು ಬಂಡೆಯ ಜೀವಿಗಳನ್ನು ಮುಚ್ಚುತ್ತದೆ, ಬೇರೆ ಲೋಹಗಳನ್ನೂ ಹೊತ್ತು ತರುತ್ತದೆ, ಆದ್ದರಿಂದ ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಭ್ರೂಣದ ಮಟ್ಟಿಗೆ ನನ್ನ ಹೆಚ್ಚಿನ ಭಯ ನೀರಿನಲ್ಲಿ ಕರಗಿ ಕಣ್ಣಿಗೆ ಕಾಣದ ತಾಮ್ರದ್ದು. ಹಡಗು ದೋಣಿಗಳ ತಳಕ್ಕೆ ಬರ್ನಕಲ್ ಎಂಬ ಅಂಟಿಕೊಳ್ಳುವ ಸಣ್ಣ ಕಡಲಜೀವಿ ಕೂರದಂತೆ ಬಳಿಯುವ ಬಣ್ಣದಲ್ಲಿ ಅದಿರುತ್ತದೆ ಮತ್ತು ನಿಧಾನವಾಗಿ ನೀರಿಗೆ ಬಿಡುಗಡೆಯಾಗುವಂತೆಯೇ ಆ ಬಣ್ಣವನ್ನು ತಯಾರಿಸಿರುತ್ತಾರೆ. ಲೀಟರಿಗೆ ಕೆಲವು ಹತ್ತು ಮೈಕ್ರೋಗ್ರಾಂ ತಾಮ್ರ ಸಾಕು, ಅರ್ಚಿನ್ ಲಾರ್ವಾಗಳಲ್ಲಿ ದೊಡ್ಡ ಪಾಲು ವಿಕಾರವಾಗಲು. ನೀರಿನಲ್ಲಿ ಕರಗಿದ ಸಾವಯವ ವಸ್ತು ಹೆಚ್ಚಿದ್ದರೆ ಅದು ತಾಮ್ರವನ್ನು ಹಿಡಿದಿಟ್ಟು ವಿಷವನ್ನು ತಗ್ಗಿಸುತ್ತದೆ. ಹಾಗಾಗಿ ನೀರಿನಲ್ಲಿ ಒಟ್ಟು ತಾಮ್ರ ಎಷ್ಟಿದೆ ಎಂಬ ಒಂದು ಅಂಕಿಯನ್ನು ಯಾರಾದರೂ ಮುಂದಿಟ್ಟರೆ ನಾನು ತೃಪ್ತನಾಗುವುದಿಲ್ಲ. ಅದೇ ನೀರಿನಲ್ಲಿ ಭ್ರೂಣಗಳನ್ನು ಬೆಳೆಸಿ, ಸರಿಯಾಗಿ ಬೆಳೆದವು ಎಷ್ಟು, ವಿಕಾರವಾದವು ಎಷ್ಟು ಎಂದು ಎಣಿಸಿದ ಫಲಿತಾಂಶವನ್ನೂ ಕೇಳುತ್ತೇನೆ. ಆ ಪರೀಕ್ಷೆ ಎರಡು ಮೂರು ದಿನಗಳಲ್ಲಿ ಮುಗಿಯುತ್ತದೆ.

ತಿನ್ನುವ ಪ್ರಶ್ನೆಗೆ ಅರ್ಚಿನ್ ಭ್ರೂಣ ಉತ್ತರ ಕೊಡದು. ಚಿಪ್ಪುಜೀವಿಗಳು ನೀರನ್ನು ಸೋಸಿ ತಿನ್ನುವಾಗ ಕ್ಯಾಡ್ಮಿಯಂ, ಸೀಸಗಳನ್ನು ಮಾಂಸದಲ್ಲಿ ಕೂಡಿಡುತ್ತವೆ, ಆದ್ದರಿಂದ ಮಾಂಸವನ್ನೇ ಪ್ರಯೋಗಾಲಯದಲ್ಲಿ ಅಳೆಯಬೇಕು. ಕುದಿಸಿದರೆ ರೋಗಾಣು ಸಾಯುತ್ತವೆ, ಲೋಹ ನಾಶವಾಗುವುದಿಲ್ಲ. ಬಂದರು ಮತ್ತು ದೋಣಿ ದುರಸ್ತಿಯ ಜಾಗಗಳ ಪಕ್ಕದಲ್ಲಿ ಆಯ್ದದ್ದನ್ನು ನಾನು ಮನೆಗೆ ತರುವುದಿಲ್ಲ.